ಆಕ್ಟಿವ್, ರನ್ನಿಂಗ್, ಫೋಟೋ ಮಾತ್ರ ಇಲ್ಲ

ಈ ಸಲ ಹತ್ತು ಸಾಲಿನ ಒಂದು ಫೈಲಿನ ವಿಮರ್ಶೆ. ಪುಸ್ತಕದ್ದಲ್ಲ, ಸಿನಿಮಾದ್ದೂ ಅಲ್ಲ. ಮನೆಯಲ್ಲೇ ಸರ್ವರ್ ಇಟ್ಟುಕೊಂಡು ಓಡಿಸುವ ಒಂದು ಫೋಟೋ ಅಪ್ಲಿಕೇಶನ್ನಿನ ಜೊತೆ ಬಂದ ಸಿಸ್ಟಮ್‌ಡಿ ಯೂನಿಟ್ ಫೈಲು. ಅಪ್ಲಿಕೇಶನ್ನಿನ ಹೆಸರು ಹೇಳಲ್ಲ. ಬರೆದವರು ಪುಕ್ಕಟೆ ಕೊಟ್ಟಿದ್ದಾರೆ, ಅವರ ಮೇಲೆ ಸಿಟ್ಟಿಲ್ಲ. ಅದೂ ಅಲ್ಲದೆ ಹೆಚ್ಚುಕಮ್ಮಿ ಇದೇ ಹತ್ತು ಸಾಲನ್ನು ಎಷ್ಟೋ ಬೇರೆ ಪ್ರಾಜೆಕ್ಟುಗಳಲ್ಲಿ ನೋಡಿದ್ದೀನಿ. ಆಫೀಸಿನಲ್ಲಿ ನಾನೇ ಬರೆದು ಪ್ರೊಡಕ್ಷನ್‌ಗೆ ಕಳಿಸಿಯೂ ಇದ್ದೀನಿ.

ಗೊತ್ತಿಲ್ಲದವರಿಗೆ ಎರಡು ಮಾತು. ಲಿನಕ್ಸ್ ಕಂಪ್ಯೂಟರ್ ಆನ್ ಆದಾಗ ಕರ್ನಲ್ ಮೊದಲು ಎಬ್ಬಿಸುವ ಪ್ರೋಗ್ರಾಮಿನ ನಂಬರ್ 1. ಇವತ್ತು ಹೆಚ್ಚಿನ ಲಿನಕ್ಸ್‌ಗಳಲ್ಲಿ ಆ 1ನೇ ನಂಬರಿನಲ್ಲಿ ಕೂತಿರೋದು ಸಿಸ್ಟಮ್‌ಡಿ. ಉಳಿದವರನ್ನೆಲ್ಲ ಎಬ್ಬಿಸೋದು, ಬಿದ್ದರೆ ಎತ್ತೋದು, ಹೊತ್ತಾದ ಮೇಲೆ ಮಲಗಿಸೋದು ಅದರ ಕೆಲಸ. ಯಾರನ್ನು, ಯಾವಾಗ, ಯಾರ ಹೆಸರಿನಲ್ಲಿ ಎಬ್ಬಿಸಬೇಕು ಅಂತ ಬರೆದಿಡುವ ಚೀಟಿಯೇ ಯೂನಿಟ್ ಫೈಲು. ನಾವು ಬರೆದ ಪ್ರೋಗ್ರಾಮು ನಮ್ಮ ಲ್ಯಾಪ್‌ಟಾಪಿನ ಟರ್ಮಿನಲ್ಲಿನಿಂದ ಎದ್ದು ಹೋಗಿ, ನಾವಿಲ್ಲದ ಕಡೆ, ಯಾರೂ ನೋಡದೆ ಇರುವಾಗ ಹೇಗೆ ನಡ್ಕೋಬೇಕು ಅನ್ನೋದು ಅಲ್ಲಿರುತ್ತೆ.

ನಮ್ಮ ಫೈಲಿನಲ್ಲಿ ಮೂರು ಸಾಲು ಬರೀ ತಲೆಬರಹ. ಒಂದು ಸಾಲು ವಿವರಣೆ. ಇನ್ನೊಂದರಲ್ಲಿ ಪ್ರೋಗ್ರಾಮ್ ಎಲ್ಲಿದೆ ಅಂತ, ಮತ್ತೊಂದರಲ್ಲಿ ಅದು ಯಾವ ಫೋಲ್ಡರಿನಲ್ಲಿ ಕೂತು ಓಡಬೇಕು ಅಂತ. ಕೊನೆಯದು ಬೂಟ್ ಆದಾಗ ಶುರು ಮಾಡು ಅನ್ನೋದು. ಉಳಿದದ್ದು ಮೂರು: ಆಫ್ಟರ್ ಈಕ್ವಲ್ಸ್ ನೆಟ್‌ವರ್ಕ್ ಟಾರ್ಗೆಟ್, ಯೂಸರ್ ಈಕ್ವಲ್ಸ್ ರೂಟ್, ರಿಸ್ಟಾರ್ಟ್ ಈಕ್ವಲ್ಸ್ ಆಲ್ವೇಸ್. ನನ್ನ ತಕರಾರೆಲ್ಲ ಈ ಮೂರರ ಮೇಲೆ, ಆಮೇಲೆ ಅಲ್ಲಿ ಇಲ್ಲದ ಒಂದು ಸಾಲಿನ ಮೇಲೆ.

ಮೊದಲು ಏನಾಯ್ತು ಹೇಳ್ತೀನಿ.

ನಮ್ಮೂರು ತಿಪಟೂರಿನ ಹತ್ತಿರ. ಅಮ್ಮನ ಫೋನಿನಲ್ಲಿ ಯಾವಾಗಲೂ ಜಾಗ ಇರಲ್ಲ. ಕ್ಲೌಡಿಗೆ ತಿಂಗಳು ತಿಂಗಳು ದುಡ್ಡು ಕಟ್ಟೋದು ಯಾಕೆ ಅಂತ, ನನ್ನ ಹಳೇ ಲ್ಯಾಪ್‌ಟಾಪಿಗೆ ಡೆಬಿಯನ್ ಹಾಕಿ, ಒಂದು ಎಕ್ಸ್‌ಟರ್ನಲ್ ಡಿಸ್ಕು ಸಿಕ್ಕಿಸಿ, ದೇವರ ಮನೆ ಪಕ್ಕದ ಗೂಡಿನಲ್ಲಿಟ್ಟು ಬಂದಿದ್ದೆ. ಫೋಟೋಗಳು, ಆ ಫೋಟೋಗಳ ಡೇಟಾಬೇಸು ಎರಡೂ ಡಿಸ್ಕಿನಲ್ಲಿ. ಅಮ್ಮ ಫೋಟೋ ತೆಗೀತಾಳೆ, ಮನೆಯ ವೈಫೈನಲ್ಲಿ ಅದು ಡಿಸ್ಕಿಗೆ ಹೋಗುತ್ತೆ, ಫೋಟೋ ಮೇಲೆ ಒಂದು ಟಿಕ್ ಬರುತ್ತೆ. ಟಿಕ್ ಬಂದ ಮೇಲೆ ಫೋನಿನಿಂದ ಅಳಿಸಬಹುದು ಅಂತ ನಾನೇ ಹೇಳಿಕೊಟ್ಟಿದ್ದೆ. ಎರಡು ವರ್ಷ ಚೆನ್ನಾಗೇ ನಡೀತು.

ಒಂದು ದಿನ ಮಳೆಗೆ ಕಂಬ ಬಿದ್ದು ರಾತ್ರಿಯೆಲ್ಲ ಕರೆಂಟಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿಯೂ ಮುಗಿದು ಆಫ್ ಆಗಿದೆ. ಬೆಳಿಗ್ಗೆ ಕರೆಂಟು ಬಂತು, ಲ್ಯಾಪ್‌ಟಾಪ್ ತಾನಾಗೇ ಎದ್ದಿತು. ಡಿಸ್ಕಿಗೆ ಬೇರೆ ಅಡಾಪ್ಟರು, ಅದರ ಪ್ಲಗ್ಗಿನ ಸ್ವಿಚ್ಚು ಯಾರೋ ಆರಿಸಿದ್ದರು. ಡಿಸ್ಕು ಏಳಲಿಲ್ಲ. ಡಿಸ್ಕು ಸಿಗದಿದ್ದರೂ ಬೂಟ್ ನಿಲ್ಲಿಸಬೇಡ ಅಂತ ಎಫ್‌ಎಸ್‌ಟ್ಯಾಬ್‌ನಲ್ಲಿ 'ನೋಫೇಲ್' ಬರೆದವನು ನಾನೇ. ಅದು ನನ್ನ ಪಾಲಿನ ತಪ್ಪು, ಒಪ್ಕೋತೀನಿ. ಆದರೆ ನೋಫೇಲ್ ಇಲ್ಲದೆ ಹೋಗಿದ್ದರೆ ಲ್ಯಾಪ್‌ಟಾಪು ಪೂರ್ತಿ ಬೂಟೇ ಆಗದೆ ನಿಂತಿರುತ್ತಿತ್ತು, ನಾನು ಬೆಂಗಳೂರಿನಿಂದ ಲಾಗಿನ್ ಆಗೋಕೂ ಆಗ್ತಿರಲಿಲ್ಲ.

ಅಪ್ಲಿಕೇಶನ್ ಎದ್ದಿತು. ಡಿಸ್ಕು ಇರಬೇಕಾದ ಜಾಗದಲ್ಲಿ ಒಂದು ಖಾಲಿ ಫೋಲ್ಡರ್ ಕಂಡಿತು. ಓಹೋ, ಹೊಸ ಮನೆ ಅಂದುಕೊಂಡು ಹೊಸ ಡೇಟಾಬೇಸ್ ಮಾಡಿಕೊಂಡಿತು. ಯೂಸರ್, ಪಾಸ್‌ವರ್ಡ್ ಕಾನ್ಫಿಗ್ ಫೈಲಿನಲ್ಲೇ ಇದ್ದದ್ದರಿಂದ ಅಮ್ಮನ ಫೋನು ಎಂದಿನಂತೆ ಲಾಗಿನ್ ಆಯಿತು.

"ಅಲ್ಲ ಕಣಪ್ಪಾ, ಹಳೇ ಫೋಟೋ ಒಂದೂ ಕಾಣ್ತಿಲ್ಲ" ಅಂತ ಅಮ್ಮ ಫೋನ್ ಮಾಡಿದಾಗ ನಾನು ಒಂದು ರಿಲೀಸಿನ ಮಧ್ಯೆ ಇದ್ದೆ. ಲಾಗಿನ್ ಆಗಿ ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ನೋಡಿದೆ. ಹಸಿರು ಚುಕ್ಕಿ. ಆಕ್ಟಿವ್, ರನ್ನಿಂಗ್. "ಓಡ್ತಾ ಇದೆ ಅಮ್ಮ, ಸ್ಲೋ ಇರ್ಬೇಕು, ಬಿಡುವಾದಾಗ ನೋಡ್ತೀನಿ" ಅಂದೆ. ಆ ಬಿಡುವು ಸಿಗಲಿಲ್ಲ. ಅಷ್ಟರಲ್ಲಿ ಊರಲ್ಲಿ ತಂಗಿ ಮಗುವಿನ ನಾಮಕರಣ ಆಯಿತು. ಅಮ್ಮ ಮುನ್ನೂರು ಚಿಲ್ಲರೆ ಫೋಟೋ, ವಿಡಿಯೋ ತೆಗೆದಳು. ಎಲ್ಲದಕ್ಕೂ ಟಿಕ್ ಬಂತು. ಜಾಗ ಸಾಲದೆ ಫೋನಿನಿಂದ ಅಳಿಸಿದಳು. ಆಮೇಲೆ ಇನ್ನೊಂದು ದಿನ ಕರೆಂಟು ಹೋಗಿ ಬಂತು. ಈ ಸಲ ಪ್ಲಗ್ಗು ಆನ್ ಇತ್ತು, ಡಿಸ್ಕು ಎದ್ದಿತು. ಹಳೇ ಫೋಟೋಗಳೆಲ್ಲ ವಾಪಸ್ ಬಂದವು. ನಾಮಕರಣದವು ಮಾಯ. ಹನ್ನೊಂದು ದಿನದ್ದು ಏನೂ ಇಲ್ಲ.

ಅಮ್ಮ ಬೈಯಲಿಲ್ಲ. "ಟಿಕ್ ಬಂದಿತ್ತಲ್ಲಪ್ಪ" ಅಂದಳು ಅಷ್ಟೇ.

ಈಗ ಆ ಫೈಲಿಗೆ ಬರೋಣ. ಡಿಸ್ಕು ಸಿಕ್ಕಿಸುವ ಖಾಲಿ ಫೋಲ್ಡರಿನ ಮಾಲೀಕ ಸಾಮಾನ್ಯವಾಗಿ ರೂಟ್. ಬೇರೆ ಯಾರೂ ಅಲ್ಲಿ ಬರೆಯೋಕಾಗಲ್ಲ. ಅಪ್ಲಿಕೇಶನ್ನಿಗೆ ಅಂತಲೇ ಒಬ್ಬ ಬಡಪಾಯಿ ಯೂಸರನ್ನು ಮಾಡಿ, ಡಿಸ್ಕಿನ ಒಳಗಿನ ಫೋಲ್ಡರನ್ನು ಅವನ ಹೆಸರಿಗೆ ಬರೆದುಕೊಟ್ಟಿದ್ದರೆ ಏನಾಗುತ್ತಿತ್ತು? ಡಿಸ್ಕು ಇಲ್ಲದ ದಿನ ಅವನು ಖಾಲಿ ಫೋಲ್ಡರಿಗೆ ಬರೆಯೋಕೆ ಹೋಗಿ, ಪರ್ಮಿಷನ್ ಇಲ್ಲ ಅನ್ನಿಸಿಕೊಂಡು, ಅಲ್ಲೇ ಬಿದ್ದುಹೋಗುತ್ತಿದ್ದ. ಅಮ್ಮನ ಫೋನಿನಲ್ಲಿ ಟಿಕ್ ಬರುತ್ತಲೇ ಇರಲಿಲ್ಲ. ಕೆಂಪು ಅಕ್ಷರದಲ್ಲಿ 'ಫೇಲ್ಡ್' ಅಂತ ನನಗೆ ಮೊದಲ ದಿನವೇ ಕಾಣುತ್ತಿತ್ತು. ಯೂಸರ್ ರೂಟ್ ಅಂದಾಗ ನಾವೆಲ್ಲ ಸೆಕ್ಯೂರಿಟಿ ಅಂತ ಪಾಠ ಒಪ್ಪಿಸ್ತೀವಿ, ಹ್ಯಾಕರ್ ಬರ್ತಾನೆ ಅಂತೀವಿ. ನಮ್ಮೂರ ಗೂಡಿಗೆ ಯಾವ ಹ್ಯಾಕರೂ ಬರಲಿಲ್ಲ. ರೂಟ್ ಮಾಡಿದ ಹಾನಿ ಬೇರೆ: ತಪ್ಪು ಜಾಗದಲ್ಲಿ ಬರೆಯೋಕೆ ಹೋದ ಪ್ರೋಗ್ರಾಮಿಗೆ ಯಾರೂ ಬೇಡ ಅನ್ನಲಿಲ್ಲ.

ಪೋಸ್ಟ್‌ಗ್ರೆಸ್ ಡೇಟಾಬೇಸಿನ ಕೈಪಿಡಿಯಲ್ಲಿ ಇದೇ ವಿಷಯಕ್ಕೆ ಒಂದು ಪುಟ್ಟ ಪ್ಯಾರಾ ಇದೆ. ಬೇರೆ ಡಿಸ್ಕನ್ನು ಸಿಕ್ಕಿಸಿದ ಜಾಗವನ್ನೇ ನೇರವಾಗಿ ಡೇಟಾ ಫೋಲ್ಡರ್ ಮಾಡಬೇಡಿ, ಅದರ ಒಳಗೊಂದು ಫೋಲ್ಡರ್ ಮಾಡಿ ಪೋಸ್ಟ್‌ಗ್ರೆಸ್ ಯೂಸರಿನ ಹೆಸರಿಗೆ ಕೊಡಿ, ಆಗ ಡಿಸ್ಕು ಹೋದರೆ ಅಚ್ಚುಕಟ್ಟಾಗಿ ಫೇಲ್ ಆಗುತ್ತೆ ಅನ್ನೋದು ಅದರ ಸಾರ. ಪೋಸ್ಟ್‌ಗ್ರೆಸ್ ಸರ್ವರು ಖಾಲಿ ಫೋಲ್ಡರ್ ಕಂಡರೆ ತಾನಾಗಿ ಹೊಸ ಡೇಟಾಬೇಸ್ ಹುಟ್ಟಿಸೋದೂ ಇಲ್ಲ. ಹುಟ್ಟಿಸೋಕೆ ಇನಿಟ್‌ಡಿಬಿ ಅಂತ ಬೇರೆಯೇ ಕಮಾಂಡು. ಬಿಇ ಓದುವಾಗ ಇದೇನು ಎರಡೆರಡು ಕೆಲಸ ಅಂತ ಬೇಜಾರಾಗಿತ್ತು. ಈಗ ಅದನ್ನು ಬೇರೆ ಇಟ್ಟವರಿಗೆ ಕೈ ಮುಗಿಯಬೇಕು ಅನ್ನಿಸುತ್ತೆ.

ಇನ್ನು ಆಫ್ಟರ್ ನೆಟ್‌ವರ್ಕ್ ಟಾರ್ಗೆಟ್. ನೆಟ್‌ವರ್ಕ್ ಬಂದ ಮೇಲೆ ಶುರು ಮಾಡು ಅಂತ ಅರ್ಥ ಅಂದುಕೊಂಡು ಎಲ್ಲರೂ ಬರೀತಾರೆ. ಅದರ ಅರ್ಥ ಅದಲ್ಲ. ನೆಟ್‌ವರ್ಕ್ ನೋಡಿಕೊಳ್ಳುವ ಸಾಫ್ಟ್‌ವೇರು ಶುರುವಾಗಿದೆ ಅಂತ ಅಷ್ಟೇ. ಐಪಿ ಅಡ್ರೆಸ್ ಸಿಕ್ಕಿರಬೇಕು ಅಂತೇನಿಲ್ಲ. ಸಿಗುವವರೆಗೆ ಕಾಯಬೇಕಿದ್ದರೆ ನೆಟ್‌ವರ್ಕ್ ಆನ್‌ಲೈನ್ ಟಾರ್ಗೆಟ್ ಅಂತ ಬೇರೆಯದಿದೆ, ಅದನ್ನು ಆಫ್ಟರ್ ಜೊತೆ ವಾಂಟ್ಸ್‌ನಲ್ಲೂ ಬರೀಬೇಕು. ಯಾಕೆಂದರೆ ಆಫ್ಟರ್ ಬರೀ ಸರದಿ ಹೇಳುತ್ತೆ. ಇಂಥವರು ಬಂದರೆ ಅವರ ಹಿಂದೆ ನಿಲ್ಲು ಅಂತ. ಅವರು ಬರಲೇಬೇಕು ಅನ್ನೋದಕ್ಕೆ ರಿಕ್ವೈರ್ಸ್ ಅಥವಾ ವಾಂಟ್ಸ್ ಬೇಕು. ಈ ಎರಡರ ವ್ಯತ್ಯಾಸ ಗೊತ್ತಿಲ್ಲದೆ ಮೂರು ವರ್ಷ ಯೂನಿಟ್ ಫೈಲ್ ಬರೆದವನು ನಾನು, ಹಾಗಾಗಿ ನಗೋದಿಲ್ಲ. ನಮ್ಮ ಫೋಟೋ ಅಪ್ಲಿಕೇಶನ್ನಿಗೆ ನಿಜವಾಗಿ ಬೇಕಿದ್ದದ್ದು ನೆಟ್‌ವರ್ಕೇ ಅಲ್ಲ, ಡಿಸ್ಕು. ಬೇಡದ್ದಕ್ಕೆ ಕಾಯ್ತು, ಬೇಕಾದ್ದಕ್ಕೆ ಕಾಯಲಿಲ್ಲ.

ಮೂರನೆಯದು ರಿಸ್ಟಾರ್ಟ್ ಆಲ್ವೇಸ್. ಈ ಕಥೆಯಲ್ಲಿ ಅದಕ್ಕೆ ಪಾತ್ರವೇ ಬರಲಿಲ್ಲ, ಪ್ರೋಗ್ರಾಮು ಬೀಳಲೇ ಇಲ್ಲವಲ್ಲ. ಆದರೂ ಬೈಯದೆ ಬಿಡೋಕೆ ಮನಸ್ಸಿಲ್ಲ. ಆಲ್ವೇಸ್ ಅಂತ ಬರೆದವರಲ್ಲಿ ಬಹಳ ಜನ ಅದು ಯಾವಾಗಲೂ ಎತ್ತುತ್ತೆ ಅಂದುಕೊಂಡಿದ್ದಾರೆ. ಬೇರೇನೂ ಹೇಳದಿದ್ದರೆ ಸಿಸ್ಟಮ್‌ಡಿ 100 ಮಿಲಿಸೆಕೆಂಡಿಗೆ ಒಂದು ಸಲ ಎತ್ತುತ್ತೆ, 10 ಸೆಕೆಂಡಿನೊಳಗೆ 5 ಸಲ ಬಿದ್ದರೆ ಕೈಬಿಡುತ್ತೆ. ಮತ್ತೆ ನೀವೇ ಹೋಗಿ ಎಬ್ಬಿಸಬೇಕು. ಇದಕ್ಕೆ ಹೆದರಿ ಕೆಲವರು ಹತ್ತು ಸೆಕೆಂಡಿಗೊಮ್ಮೆ ಎತ್ತು ಅಂತ ಬರೀತಾರೆ. ಆಗ 10 ಸೆಕೆಂಡಿನಲ್ಲಿ 5 ಸಲ ಬೀಳೋದು ಸಾಧ್ಯವೇ ಇಲ್ಲ, ಕೆಟ್ಟ ಪ್ರೋಗ್ರಾಮು ವರ್ಷಗಟ್ಟಲೆ ಬೀಳುತ್ತಾ ಏಳುತ್ತಾ ಲಾಗ್ ತುಂಬಿಸುತ್ತಾ ಇರುತ್ತೆ.

ಅಪ್ಪನಿಗೆ ಈ ಕಥೆ ಹೇಳ್ತಾ ಇದ್ದೆ. ಕಂಪ್ಯೂಟರ್ ಅಂದರೆ ಟೈಪಿಂಗು ಅನ್ನುವ ಮನುಷ್ಯ. ಪೂರ್ತಿ ಕೇಳಿ, "ಹಂಗಾರೆ ನಿಂದು ಆಟೋ ಸ್ಟಾರ್ಟ್ರು ಐತೆ, ಡ್ರೈ ರನ್ ಇಲ್ಲ" ಅಂದ.

ಊರಿನವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ತೋಟಕ್ಕೆ ತ್ರೀ ಫೇಸ್ ಕರೆಂಟು ಯಾವ ಹೊತ್ತಿಗೋ ಬರುತ್ತೆ, ಎಷ್ಟೋ ಸಲ ನಡುರಾತ್ರಿ. ಎದ್ದು ಹೋಗಿ ಮೋಟ್ರು ಹಾಕೋಕಾಗಲ್ಲ ಅಂತ ಸ್ಟಾರ್ಟರಿಗೆ ಆಟೋ ಹಾಕಿಸ್ತಾರೆ. ಕರೆಂಟು ಬಂದ ಕೂಡಲೇ ಬೋರ್‌ವೆಲ್ಲಿನ ಮೋಟ್ರು ತಾನಾಗೇ ಓಡುತ್ತೆ. ಬೇಸಿಗೆಯಲ್ಲಿ ಬೋರಿನಲ್ಲಿ ನೀರು ಕೆಳಗೆ ಹೋಗಿದ್ದರೆ? ಆಟೋಗೆ ಅದು ಗೊತ್ತಿಲ್ಲ. ನೀರಿಲ್ಲದೆ ಓಡಿ ಓಡಿ ಮೋಟ್ರು ಸುಡುತ್ತೆ. ಪೈಪೆಲ್ಲ ಮೇಲಕ್ಕೆತ್ತಿ, ರೀವೈಂಡಿಂಗಿಗೆ ಕೊಟ್ಟು, ಮತ್ತೆ ಇಳಿಸೋವರೆಗೆ ತೆಂಗಿಗೆ ನೀರಿಲ್ಲ. ಅದಕ್ಕೇ ಡ್ರೈ ರನ್ ಪ್ರೊಟೆಕ್ಷನ್ ಅಂತ ಹಾಕಿಸೋದು. ನೀರು ಬರ್ತಿಲ್ಲ ಅಂತ ಗೊತ್ತಾದರೆ ಮೋಟ್ರನ್ನು ಟ್ರಿಪ್ ಮಾಡುತ್ತೆ. ಸ್ಟಾರ್ಟರ್ ಮಾರುವ ಅಂಗಡಿಯವನು ಆಟೋ ಕೇಳಿದರೆ, ಡ್ರೈ ರನ್ ಬೇಡ್ವಾ ಗೌಡ್ರೆ ಅಂತ ತಾನೇ ಕೇಳ್ತಾನೆ. ನಮ್ಮ ಕಡೆ ಹಾಗೆ ಕೇಳುವವರು ಕಡಿಮೆ.

ಸಿಸ್ಟಮ್‌ಡಿಯಲ್ಲಿ ಡ್ರೈ ರನ್ ಇಲ್ಲ ಅಂತಲ್ಲ. ರಿಕ್ವೈರ್ಸ್ ಮೌಂಟ್ಸ್ ಫಾರ್ ಅಂತ ಒಂದು ಸಾಲು. ಮುಂದೆ ಫೋಲ್ಡರಿನ ದಾರಿ ಬರೆದರೆ ಮುಗೀತು. ಆ ದಾರಿಗೆ ಬೇಕಾದ ಡಿಸ್ಕು ಸಿಕ್ಕಿಕೊಂಡ ಮೇಲೆಯೇ ಸರ್ವಿಸ್ ಶುರು, ಇಲ್ಲದಿದ್ದರೆ ಇಲ್ಲ. ಸರದಿಯೂ ಆಯಿತು, ಬರಲೇಬೇಕು ಅನ್ನೋದೂ ಆಯಿತು. ನಾನು ಮೊದಲೇ ಹೇಳಿದ, ಫೈಲಿನಲ್ಲಿ ಇಲ್ಲದ ಸಾಲು ಇದೇ.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಇದೆ. ಅಪ್ಲಿಕೇಶನ್ ಬರೆದವರಿಗೆ ನನ್ನ ಡಿಸ್ಕು ಎಲ್ಲಿದೆ ಅಂತ ಹೇಗೆ ಗೊತ್ತಾಗಬೇಕು? ಗೊತ್ತಾಗಲ್ಲ. ಆದರೆ ಕೆಲವರು ದಾರಿ ಕಂಡುಕೊಂಡಿದ್ದಾರೆ. ಗಿಟೀ ಅಂತ, ಕೋಡ್ ಇಡುವ ಸರ್ವರು, ಅದರ ಜೊತೆ ಬರುವ ಮಾದರಿ ಯೂನಿಟ್ ಫೈಲ್ ತೆಗೆದು ನೋಡಿ. ಮೈಎಸ್‌ಕ್ಯುಎಲ್, ಮಾರಿಯಾಡಿಬಿ, ಪೋಸ್ಟ್‌ಗ್ರೆಸ್, ರೆಡಿಸ್ ಒಂದೊಂದಕ್ಕೂ ವಾಂಟ್ಸ್, ಆಫ್ಟರ್ ಸಾಲುಗಳನ್ನು ಬರೆದು, ಮುಂದೆ ಹ್ಯಾಶ್ ಹಾಕಿ ಇಟ್ಟಿದ್ದಾರೆ. ನಿಮ್ಮ ಹತ್ತಿರ ಇರೋದರ ಹ್ಯಾಶ್ ತೆಗೀರಿ ಅಂತ. ಓಡೋದು ಗಿಟ್ ಅನ್ನೋ ಯೂಸರ್ ಹೆಸರಿನಲ್ಲಿ. ಓದುವವನಿಗೆ, ಹೌದಲ್ಲ, ನಾನು ಡೇಟಾಬೇಸ್ ಬಗ್ಗೆ ಯೋಚನೆ ಮಾಡಬೇಕು ಅಂತ ಫೈಲೇ ನೆನಪಿಸುತ್ತೆ. ಹ್ಯಾಶ್ ಹಾಕಿದ ಒಂದು ಸಾಲು ನಮ್ಮ ಫೈಲಿನಲ್ಲೂ ಇದ್ದಿದ್ದರೆ ನಾನು ಈ ಲೇಖನ ಬರೀತಿರಲಿಲ್ಲ.

ಇಮ್ಮಿಚ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದೂ ಮನೆಯಲ್ಲಿ ಓಡಿಸುವ ಫೋಟೋ ಸರ್ವರ್. ತನ್ನ ಫೋಲ್ಡರುಗಳ ಒಳಗೆ ಡಾಟ್ ಇಮ್ಮಿಚ್ ಅಂತ ಒಂದೊಂದು ಪುಟ್ಟ ಫೈಲ್ ಇಟ್ಟಿರುತ್ತೆ. ಶುರುವಾಗುವಾಗ ಮೊದಲು ಅದನ್ನು ಹುಡುಕುತ್ತೆ. ನಿನ್ನೆ ಇಟ್ಟ ಗುರುತು ಇವತ್ತಿಲ್ಲ ಅಂದರೆ ಇದು ನನ್ನ ಮನೆಯಲ್ಲ ಅಂತ ಶುರುವಾಗೋದೇ ಇಲ್ಲ. ಯೂನಿಟ್ ಫೈಲಿನ ಮೇಲೆ ಭಾರ ಹಾಕದೆ ಪ್ರೋಗ್ರಾಮೇ ನೀರು ನೋಡಿಕೊಳ್ಳುತ್ತೆ. ನನ್ನ ಪ್ರಕಾರ ಇದೇ ಸರಿಯಾದ ಜಾಗ.

ಸಿಂಕ್‌ಥಿಂಗ್‌ದು ಬೇರೆ ಥರದ ಶ್ರದ್ಧೆ. ಅದರ ಯೂನಿಟ್ ಫೈಲಿನಲ್ಲಿ ರಿಸ್ಟಾರ್ಟ್ ಆಲ್ವೇಸ್ ಇಲ್ಲ, ಆನ್ ಫೇಲ್ಯೂರ್ ಇದೆ. ಪ್ರೋಗ್ರಾಮು 3 ಅಥವಾ 4 ಅನ್ನೋ ನಂಬರ್ ಕೊಟ್ಟು ನಿಂತರೆ ಅದು ಸೋಲಲ್ಲ, ಆದರೂ ಮತ್ತೆ ಶುರು ಮಾಡು ಅಂತಲೂ ಇದೆ. ಯಾಕೆಂದರೆ ಸೆಟ್ಟಿಂಗ್ ಬದಲಾಗಿ ತಾನೇ ಏಳಬೇಕಾದಾಗ, ಅಪ್‌ಗ್ರೇಡ್ ಆದಾಗ ಅದು ಆ ನಂಬರುಗಳನ್ನು ಹೇಳಿ ನಿಲ್ಲುತ್ತೆ. ಒಳಗಿನವನು ಹೇಳಿದ್ದು ಹೊರಗಿನವನಿಗೆ ಅರ್ಥ ಆಗುವ ಹಾಗೆ ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ.

ಇಷ್ಟು ಹೊತ್ತಿಗೆ ಯಾರೋ ಒಬ್ಬರು 'ಡಾಕರ್ ಹಾಕ್ಕೊಳ್ಳಿ ಸರ್, ಇದೆಲ್ಲ ಯಾಕೆ' ಅಂದಿರ್ತೀರಿ. ಡಾಕರ್ 2013ರಿಂದ ಇದೆ, ನಾನೂ ದಿನಾ ಬಳಸ್ತೀನಿ. ಬೇರೆ ಎಷ್ಟೋ ತಲೆನೋವು ಅದರಿಂದ ತಪ್ಪಿದೆ, ಇದೊಂದು ತಪ್ಪಿಲ್ಲ. ಡಾಕರ್ ರನ್‌ಗೆ ಡ್ಯಾಶ್ ವಿ ಕೊಟ್ಟು ಹೊರಗಿನ ಫೋಲ್ಡರನ್ನು ಒಳಕ್ಕೆ ಕೊಟ್ಟಾಗ, ಹೊರಗೆ ಆ ಫೋಲ್ಡರ್ ಇಲ್ಲದೇ ಇದ್ದರೆ ಡಾಕರೇ ಒಂದು ಖಾಲಿ ಫೋಲ್ಡರ್ ಮಾಡಿ ಕೊಡುತ್ತೆ. ಡ್ಯಾಶ್ ಡ್ಯಾಶ್ ಮೌಂಟ್ ಅಂತ ಕೊಟ್ಟರೆ ಎರರ್ ಕೊಟ್ಟು ನಿಲ್ಲುತ್ತೆ. ಆದರೂ ಡಿಸ್ಕು ಸಿಕ್ಕಿಸುವ ಖಾಲಿ ಫೋಲ್ಡರ್ ಅಲ್ಲೇ ಇದ್ದರೆ ಆ ಎರರೂ ಬರಲ್ಲ. ಅಷ್ಟೇ ಅಲ್ಲ, ಡಾಕರನ್ನು ಎಬ್ಬಿಸೋದೂ ಒಂದು ಯೂನಿಟ್ ಫೈಲೇ.

ಸಿಸ್ಟಮ್‌ಡಿಯನ್ನೇ ಬೈಯುವ ಹಳೇ ಜನರೂ ಇದ್ದಾರೆ. 2010ರಲ್ಲಿ ಲೆನ್ನಾರ್ಟ್ ಪೊಯಟ್ಟರಿಂಗ್ ಇದನ್ನು ಮುಂದಿಟ್ಟಾಗ ಶುರುವಾದ ಜಗಳ ಸಣ್ಣದಲ್ಲ. 2014ರಲ್ಲಿ ಡೆಬಿಯನ್ನಿನ ತಾಂತ್ರಿಕ ಸಮಿತಿಯಲ್ಲಿ ಮತ ಸಮ ಆಗಿ, ಅಧ್ಯಕ್ಷರ ನಿರ್ಣಾಯಕ ಮತದಿಂದ ಇದು ಗೆದ್ದಿತು. ಒಪ್ಪದವರು ಡೆವುವಾನ್ ಅಂತ ಬೇರೆ ಮನೆ ಮಾಡಿದರು. ಒಂದೇ ಪ್ರೋಗ್ರಾಮಿನ ಕೈಯಲ್ಲಿ ಇಷ್ಟೊಂದು ಕೊಡಬಾರದು ಅನ್ನೋ ಅವರ ಮಾತಿನಲ್ಲಿ ಹುರುಳಿದೆ. ಆದರೆ ಅದಕ್ಕೆ ಹಿಂದೆ ಪ್ರತಿ ಸರ್ವಿಸಿಗೂ ಒಂದೊಂದು ಉದ್ದನೆಯ ಶೆಲ್ ಸ್ಕ್ರಿಪ್ಟ್, ಪಿಐಡಿ ಫೈಲು, ಎರಡು ಸಲ ಫೋರ್ಕ್ ಮಾಡುವ ಸರ್ಕಸ್ಸು ಇತ್ತು. ನನ್ನ ಮೊದಲ ಕೆಲಸದಲ್ಲಿ ಅದನ್ನು ಮಾಡಿದ್ದೀನಿ, ಮತ್ತೆ ಮಾಡೋ ಆಸೆ ಇಲ್ಲ.

ನಮ್ಮ ಅಪ್ಲಿಕೇಶನ್ನಿನ ಇನ್‌ಸ್ಟಾಲರ್ ಬಗ್ಗೆಯೂ ಒಂದು ಮಾತು. ಒಂದೇ ಸಾಲಿನಲ್ಲಿ ಇನ್‌ಸ್ಟಾಲ್ ಆಗುತ್ತೆ ಅಂತ ಹೆಮ್ಮೆಯಿಂದ ಬರೆದಿದ್ದಾರೆ. ತೆಗೆಯೋದು ಹೇಗೆ ಅಂತ ಎಲ್ಲೂ ಇಲ್ಲ. ಡೆಬಿಯನ್ ಪ್ಯಾಕೇಜಿನಲ್ಲಿ ರಿಮೂವ್ ಬೇರೆ, ಪರ್ಜ್ ಬೇರೆ. ಮೊದಲನೆಯದು ಪ್ರೋಗ್ರಾಮ್ ತೆಗೆದು ನಿಮ್ಮ ಸೆಟ್ಟಿಂಗುಗಳನ್ನು ಬಿಡುತ್ತೆ, ಎರಡನೆಯದು ಅದನ್ನೂ ಒಯ್ಯುತ್ತೆ. ನೀವು ತಿದ್ದಿದ ಕಾನ್ಫಿಗ್ ಫೈಲು ಹೊಸ ವರ್ಷನ್‌ನಲ್ಲೂ ಬದಲಾಗಿದ್ದರೆ, ಯಾವುದು ಇಟ್ಕೊಳ್ಲಿ ಅಂತ ನಿಲ್ಲಿಸಿ ಕೇಳುತ್ತೆ. ಜೆಲ್ಲಿಫಿನ್‌ನ ಡೆಬಿಯನ್ ಪ್ಯಾಕೇಜ್ ಹಾಕಿ ನೋಡಿ: ಅದಕ್ಕೇ ಒಬ್ಬ ಯೂಸರ್, ಡೇಟಾ ಒಂದು ಕಡೆ, ಸೆಟ್ಟಿಂಗ್ ಒಂದು ಕಡೆ, ಕ್ಯಾಶ್ ಇನ್ನೊಂದು ಕಡೆ, ಲಾಗ್ ಮತ್ತೊಂದು ಕಡೆ. ಬ್ಯಾಕಪ್ ಮಾಡುವವನಿಗೆ ಯಾವುದು ಬೇಕು, ಯಾವುದು ಬಿಟ್ಟರೂ ನಡೆಯುತ್ತೆ ಅಂತ ಫೋಲ್ಡರಿನ ಹೆಸರೇ ಹೇಳುತ್ತೆ. ನಮ್ಮದರಲ್ಲಿ ಎಲ್ಲವೂ ಒಂದೇ ಮೂಟೆ. ಅಪ್‌ಗ್ರೇಡ್ ಅಂದರೆ ಮೂಟೆಯ ಮೇಲೆ ಇನ್ನೊಂದು ಮೂಟೆ.

ಫೋಟೋ ಸಿಕ್ಕವಾ ಅಂತ ಕೇಳ್ತೀರಿ. ಆ ಶನಿವಾರ ಊರಿಗೆ ಹೋಗಿ ಕೂತೆ. ಲ್ಯಾಪ್‌ಟಾಪಿನ ಸ್ವಂತ ಡಿಸ್ಕಿನಲ್ಲಿ ಎಷ್ಟು ತುಂಬಿದೆ ಅಂತ ಡಿಎಫ್ ಕಮಾಂಡನ್ನು ಕೇಳಿದರೆ 41 ಜಿಬಿ ಅಂದಿತು. ಫೈಲುಗಳನ್ನು ಒಂದೊಂದಾಗಿ ಕೂಡಿಸುವ ಡಿಯು 23 ಅಂದಿತು. 18 ಜಿಬಿ ಕಣ್ಣಿಗೆ ಕಾಣದೆ ಎಲ್ಲೋ ಕೂತಿದೆ. ಕಪ್ಪು ಸ್ಕ್ರೀನ್ ನೋಡ್ತಾ ಒಂದು ನಿಮಿಷ ಏನೂ ಹೊಳೆಯಲಿಲ್ಲ, ಆಮೇಲೆ ಹೊಳೆಯಿತು. ಡಿಸ್ಕು ಸಿಕ್ಕಿಸಿದಾಗ ಅದು ಖಾಲಿ ಫೋಲ್ಡರಿನ ಮೇಲೆ ಚಾಪೆ ಹಾಸಿದ ಹಾಗೆ ಕೂರುತ್ತೆ. ಹನ್ನೊಂದು ದಿನ ಫೋಲ್ಡರಿಗೆ ಬಿದ್ದದ್ದೆಲ್ಲ ಚಾಪೆಯ ಕೆಳಗಿದೆ. ಬೈಂಡ್ ಮೌಂಟ್ ಮಾಡಿ ರೂಟ್ ಡಿಸ್ಕನ್ನು ಇನ್ನೊಂದು ಜಾಗದಲ್ಲಿ ತೆರೆದೆ. ಅಲ್ಲಿ ಚಾಪೆ ಇರಲ್ಲ. ಅಷ್ಟೂ ಇದ್ದವು. ಅಜ್ಜಿ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಕಿವಿಯಲ್ಲಿ ಹೆಸರು ಹೇಳುತ್ತಿರುವ ವಿಡಿಯೋ ಕೂಡ. ಅಜ್ಜಿ ಈಗ ಇಲ್ಲ.

ಯೂನಿಟ್ ಫೈಲನ್ನು ಹೊಸದಾಗಿ ಬರೆದೆ. ಬೇರೆ ಯೂಸರ್, ರಿಕ್ವೈರ್ಸ್ ಮೌಂಟ್ಸ್ ಫಾರ್, ರಿಸ್ಟಾರ್ಟ್ ಆನ್ ಫೇಲ್ಯೂರ್. ಡಿಸ್ಕಿನ ಫೋಲ್ಡರ್ ಬಿಟ್ಟು ಬೇರೆಲ್ಲೂ ಬರೆಯದ ಹಾಗೆ ಪ್ರೊಟೆಕ್ಟ್ ಸಿಸ್ಟಮ್ ಸ್ಟ್ರಿಕ್ಟ್. ಡಿಸ್ಕು ಸಿಕ್ಕಿಸುವ ಖಾಲಿ ಫೋಲ್ಡರಿಗೆ ಚಾಟ್‌ಟ್ರ್ ಪ್ಲಸ್ ಐ ಹೊಡೆದೆ, ಇನ್ನು ಅಲ್ಲಿ ರೂಟ್ ಕೂಡ ಬರೆಯೋಕಾಗಲ್ಲ. ಇದನ್ನೆಲ್ಲ ಆ ಪ್ರಾಜೆಕ್ಟಿಗೂ ಕಳಿಸಿದ್ದೀನಿ, ಇನ್ನೂ ಸೇರಿಸಿಲ್ಲ. ಬಿಡುವಿದ್ದಾಗ ನೋಡ್ತಾರೆ. ನಾನೂ ಅಮ್ಮನಿಗೆ ಹಾಗೇ ಅಂದಿದ್ದೆ.

ಹೊರಡೋ ಮುಂಚೆ ಅಡಾಪ್ಟರಿನ ಸ್ವಿಚ್ಚು ಆರಿಸಿ ಲ್ಯಾಪ್‌ಟಾಪ್ ರಿಸ್ಟಾರ್ಟ್ ಮಾಡಿದೆ. ಎರಡು ನಿಮಿಷಕ್ಕೆ ಅಡುಗೆಮನೆಯಿಂದ ಅಮ್ಮ ಕೂಗಿದಳು.

"ಇದ್ಯಾಕಪ್ಪ, ಈಗ ಆಪೇ ತೆಗೀತಾ ಇಲ್ಲ?"

"ತೆಗೀಬಾರ್ದು ಕಣಮ್ಮ. ತಡಿ, ಸ್ವಿಚ್ ಹಾಕ್ತೀನಿ."